ಮಾತು ಬರುವ ಮುಂಚೆ ಕೈಸನ್ನೆ: ಕೂಸಿಗೆ ಕಲಿಸೋದು ಹೇಗೆ?

"ಮಗುವಿಗೆ ಎಂಟು ತಿಂಗಳು, ಸನ್ನೆ ಕಲಿಸಬಹುದಾ?" "ಸನ್ನೆ ಕಲಿಸಿದರೆ ಮಾತು ತಡ ಆಗಲ್ವಾ?" "ಯಾವ ಕೋರ್ಸ್ ತಗೊಳ್ಳಲಿ?" ಈ ಮೂರು ಪ್ರಶ್ನೆ ನನಗೆ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ ಇದು. ಕಲಿಸಬಹುದು. ಮಾತು ತಡ ಆಗುವುದಿಲ್ಲ. ಕೋರ್ಸ್ ಬೇಡ.

ನಿಜ ಹೇಳಬೇಕಂದರೆ ನೀವು ಈಗಾಗಲೇ ಶುರು ಮಾಡಿದ್ದೀರಿ. ಟಾಟಾ ಅಂತ ಕೈ ಆಡಿಸೋದು, ದೇವರ ಮುಂದೆ ಪುಟ್ಟ ಕೈ ಜೋಡಿಸೋದು, ತಾರಮ್ಮಯ್ಯ ಅಂತ ಅಂಗೈ ತಿರುಗಿಸೋದು, ಚಂದಮಾಮನನ್ನು ಬಾ ಬಾ ಅಂತ ಕರೆಯೋದು, ಇವೆಲ್ಲ ಸನ್ನೆಗಳೇ ಅಲ್ವಾ? ವ್ಯತ್ಯಾಸ ಒಂದೇ. ಟಾಟಾ, ನಮಸ್ಕಾರವನ್ನು ನಾವು ಮಗುವಿನ ಕೈಲಿ ಮಾಡಿಸಿ ನೋಡಿ ಸಂತೋಷಪಡುತ್ತೇವೆ. ಇಲ್ಲಿ ಮಗು ತನಗೆ ಏನು ಬೇಕು, ತನಗೆ ಏನು ಕಾಣುತ್ತಿದೆ ಅನ್ನೋದನ್ನು ನಮಗೆ ಹೇಳಲು ಕೈ ಬಳಸುತ್ತದೆ.

ಇದು ಯಾಕೆ ಸಾಧ್ಯ ಅಂದರೆ, ಬಾಯಿಗಿಂತ ಕೈ ಮುಂಚೆ ಪಳಗುತ್ತದೆ. "ಹಾಲು" ಅನ್ನೋಕೆ ನಾಲಿಗೆ, ತುಟಿ, ಉಸಿರು ಎಲ್ಲ ಒಟ್ಟಿಗೆ ಸರಿಯಾಗಿ ಕೂಡಿ ಬರಬೇಕು. ಮುಷ್ಟಿ ಮುಚ್ಚಿ ತೆರೆಯಲು ಅಷ್ಟು ಕಷ್ಟ ಇಲ್ಲ. ಮೊದಲ ಮಾತು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ಬರುತ್ತದೆ, ಆದರೆ 8–9 ತಿಂಗಳಿಗೇ ಮಗುವಿಗೆ ಮನೆಯಲ್ಲಿ ದಿನಾ ಕೇಳುವ ಎಷ್ಟೋ ಮಾತು ಅರ್ಥ ಆಗಿರುತ್ತದೆ. ಅರ್ಥ ಆಗುತ್ತದೆ, ಹೇಳಲು ಬಾಯಿ ಬರುವುದಿಲ್ಲ. ಆ ಕೆಲವು ತಿಂಗಳಿಗೆ ಸನ್ನೆ.

ಲಾಭದ ವಿಷಯದಲ್ಲಿ ನೇರವಾಗಿ ಹೇಳಿಬಿಡುತ್ತೇನೆ, ಯಾಕಂದರೆ ಇಲ್ಲಿ ತುಂಬ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಂಡಾ ಅಕ್ರೆಡೊಲೊ ಮತ್ತು ಸೂಸನ್ ಗುಡ್ವಿನ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು 1980ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಲು ಶುರು ಮಾಡಿದರು. ಅಕ್ರೆಡೊಲೊ ಅವರ ಮಗಳೇ ಅದಕ್ಕೆ ಕಾರಣ. ಹೂವು ಕಂಡರೆ ಆ ಮಗು ಮೂಸುವ ಹಾಗೆ ಮೂಗು ಎಳೆದು ತೋರಿಸುತ್ತಿತ್ತಂತೆ, ಯಾರೂ ಕಲಿಸದೆ. ಆಮೇಲೆ ಇದು ದೊಡ್ಡ ವ್ಯಾಪಾರವೇ ಆಯಿತು. ಮಗು ಬೇಗ ಮಾತಾಡುತ್ತದೆ, ಬುದ್ಧಿ ಚುರುಕಾಗುತ್ತದೆ ಅಂತೆಲ್ಲ ಜಾಹೀರಾತು ಬಂದವು. 2013ರಲ್ಲಿ ಬ್ರಿಟನ್ನಿನಲ್ಲಿ 40 ಮಕ್ಕಳನ್ನು 8 ತಿಂಗಳಿಂದ 20 ತಿಂಗಳವರೆಗೆ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಸನ್ನೆ ಕಲಿತ ಮಕ್ಕಳು ಮಾತಿನಲ್ಲಿ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬೀಳಲಿಲ್ಲ. ಬದಲಾದದ್ದು ಅಮ್ಮಂದಿರು. ಸನ್ನೆ ಬಳಸಿದ ತಾಯಂದಿರು ಮಗು ಮಾತಿಲ್ಲದೆ ಏನು ಹೇಳುತ್ತಿದೆ ಅನ್ನೋದನ್ನು ಹೆಚ್ಚು ಗಮನಿಸುತ್ತಿದ್ದರು.

ನನ್ನ ಪಾಲಿಗೆ ಇಡೀ ವಿಷಯ ಇಷ್ಟೇ. ಸನ್ನೆ ಕಲಿಸೋಕೆ ಹೊರಟರೆ ನಾವು ಮಗುವಿನ ಕೈ ನೋಡೋದನ್ನು ಕಲಿಯುತ್ತೇವೆ. ಕೆಳಗಿನ ಎಲ್ಲ ಹಂತಗಳನ್ನೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಬೇಕಾಗೋದು ಏನು? ನಿಮ್ಮ ಎರಡು ಕೈ, ಊಟದ ಹೊತ್ತು, ಮತ್ತು ಒಂದೆರಡು ತಿಂಗಳ ತಾಳ್ಮೆ. ಚಿತ್ರದ ಕಾರ್ಡು, ಆ್ಯಪ್ ಯಾವುದೂ ಬೇಡ. ಮಗುವಿನ ಮುಂದೆ ಫೋನಿನಲ್ಲಿ ಸನ್ನೆಯ ವಿಡಿಯೋ ಹಾಕಿ ಕೂರಿಸೋದಂತೂ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ತೋರಿಸಬೇಡಿ ಅಂತ ನಮ್ಮ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ವಿಡಿಯೋ ನೋಡಿ ಸನ್ನೆ ಕಲಿಯಬೇಕಾದವರು ನೀವು, ಮಗು ಮಲಗಿದ ಮೇಲೆ.

1. ಮೊದಲು ಕಿವಿ ಕೇಳುತ್ತಿದೆಯಾ ನೋಡಿಕೊಳ್ಳಿ

ಹುಟ್ಟಿದಾಗ ಕಿವಿಯ ಪರೀಕ್ಷೆ ಆಗಿದೆಯಾ ಅಂತ ಆಸ್ಪತ್ರೆಯ ಕಾಗದಗಳಲ್ಲಿ ಹುಡುಕಿ. ಓಎಇ ಅಂತ ಬರೆದಿರುತ್ತದೆ. ಕಿವಿಯಲ್ಲಿ ಸಣ್ಣ ಬಿರಡೆಯಂಥದ್ದು ಇಟ್ಟು ಸದ್ದು ಕೊಟ್ಟು ಒಳಗಿವಿಯ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ ಅದು, ಕೆಲವೇ ನಿಮಿಷ ಸಾಕು, ನೋವಿಲ್ಲ, ಮಗು ನಿದ್ದೆಯಲ್ಲಿದ್ದರೆ ಇನ್ನೂ ಸುಲಭ. ಆಗಿಲ್ಲದಿದ್ದರೆ ಮುಂದಿನ ಚುಚ್ಚುಮದ್ದಿಗೆ ಹೋದಾಗ ಡಾಕ್ಟರನ್ನು ಕೇಳಿ.

ಇದನ್ನು ಮೊದಲನೇ ಹಂತ ಮಾಡಿದ್ದಕ್ಕೆ ಕಾರಣ ಇದೆ. ಮಗು ಕೈಯಲ್ಲಿ ಚೆನ್ನಾಗಿ ಹೇಳುತ್ತಿದ್ದರೆ ಮಾತು ಬಾರದಿರೋದು ನಮಗೆ ತಡವಾಗಿ ಗೊತ್ತಾಗಬಹುದು. "ಸನ್ನೆ ಮಾಡ್ತಾನಲ್ಲ, ಅದಕ್ಕೇ ಮಾತಾಡ್ತಿಲ್ಲ" ಅಂತ ತಿಂಗಳುಗಟ್ಟಲೆ ಸುಮ್ನೆ ಕೂರುವವರಿದ್ದಾರೆ.

2. ವಯಸ್ಸು

6 ತಿಂಗಳಿಗೆ ನೀವು ಶುರು ಮಾಡಬಹುದು, ಆದರೆ ಉತ್ತರ ನಿರೀಕ್ಷಿಸಬೇಡಿ. ನೀವು ಒಂದು ವಸ್ತು ನೋಡಿದರೆ ಮಗುವೂ ಅದನ್ನು ನೋಡಿ ಮತ್ತೆ ನಿಮ್ಮ ಮುಖ ನೋಡುತ್ತದಲ್ಲ, ಅದು 9 ತಿಂಗಳ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಸನ್ನೆ ಹುಟ್ಟೋದು ಅಲ್ಲಿಂದ. ನನ್ನನ್ನು ಕೇಳಿದರೆ 8 ತಿಂಗಳು ಒಳ್ಳೆಯ ಹೊತ್ತು. ಹತ್ತು, ಹನ್ನೊಂದು ತಿಂಗಳಾಗಿದ್ದರೂ ತಡ ಆಗಿಲ್ಲ, ಇನ್ನೂ ಬೇಗ ಹಿಡಿಯುತ್ತಾರೆ.

3. ಮೂರು ಸನ್ನೆ ಆರಿಸಿ, ಹದಿನೈದಲ್ಲ

ಎಲ್ಲರೂ ಎಡವೋದು ಇಲ್ಲಿ. ಮೊದಲ ದಿನವೇ ಹಾಲು, ನೀರು, ಅಪ್ಪ, ಅಮ್ಮ, ಬೆಕ್ಕು, ಪುಸ್ತಕ ಅಂತ ಶುರು ಮಾಡಿ ಹತ್ತನೇ ದಿನಕ್ಕೆ ತಮಗೇ ಮರೆತುಹೋಗಿ ಕೈಬಿಡುತ್ತಾರೆ.

ಮೂರೇ ಸಾಕು. ಎರಡು ಅಗತ್ಯದ್ದು, ಒಂದು ಖುಷಿಯದ್ದು. ಖುಷಿಯ ಸನ್ನೆಯನ್ನು ಬಿಡಬೇಡಿ. ನಮ್ಮ ಮನೆಯಲ್ಲಿ ಹಾಲು ಮತ್ತು ಸಾಕು ಕಲಿಸಲು ನಾನು ತಿಂಗಳುಗಟ್ಟಲೆ ಹೆಣಗಾಡಿದೆ, ಮಗಳು ಮೊದಲು ಮಾಡಿದ್ದು ಫ್ಯಾನಿನ ಸನ್ನೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಚಾಪೆಯ ಮೇಲೆ ಅಂಗಾತ ಮಲಗಿದ್ದವಳು ನಿಧಾನ ಆಗುತ್ತಿದ್ದ ಫ್ಯಾನನ್ನು ಅದು ಪೂರ್ತಿ ನಿಲ್ಲುವವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಮೇಲೆತ್ತಿ ಇಡೀ ಮುಂಗೈಯನ್ನು ತಿರುಗಿಸಿದಳು. ಬೆರಳಲ್ಲ, ಇಡೀ ಮುಂಗೈ. ನನಗೆ ಅರ್ಥ ಆಗಲು ಎರಡು ಕ್ಷಣ ಬೇಕಾಯಿತು.

ನಮ್ಮ ಮನೆಗಳಿಗೆ ಒಗ್ಗುವ ಕೆಲವು ಸನ್ನೆಗಳು ಇಲ್ಲಿವೆ, ನಿಮಗೆ ಬೇಕಾದ ಮೂರನ್ನು ತೆಗೆದುಕೊಳ್ಳಿ:

- ಹಾಲು: ಮುಷ್ಟಿ ಮುಚ್ಚಿ ತೆರೆಯೋದು, ಕೆಚ್ಚಲಿನಿಂದ ಹಾಲು ಕರೆದ ಹಾಗೆ. ಎದೆಹಾಲಿಗೂ ಇದೇ ಸಾಕು.
- ಊಟ, ಮಮ್ಮು: ಐದೂ ಬೆರಳು ಕೂಡಿಸಿ ಬಾಯಿಗೆ ತರೋದು. ನಾವು ತುತ್ತು ತಿನ್ನುವ ರೀತಿಯೇ ಇದು, ಹಾಗಾಗಿ ಮಗು ದಿನಾ ನೋಡುತ್ತಲೇ ಇರುತ್ತದೆ.
- ನೀರು: ಹೆಬ್ಬೆರಳು ಬಾಯಿ ಕಡೆಗೆ ಬಗ್ಗಿಸೋದು. ಮಗು ಇಡೀ ಕೈಯನ್ನೇ ಬಾಯಿಗೆ ಇಟ್ಟುಕೊಂಡೀತು, ಇರಲಿ.
- ಇನ್ನೂ ಬೇಕು: ಎರಡೂ ಕೈಯ ಬೆರಳ ತುದಿ ಕೂಡಿಸಿ ಒಂದಕ್ಕೊಂದು ತಾಗಿಸೋದು.
- ಸಾಕು, ಆಯ್ತು: ಎರಡೂ ಅಂಗೈ ಬಿಡಿಸಿ "ಖಾಲಿ" ಅನ್ನುವ ಹಾಗೆ ಹೊರಕ್ಕೆ ತಿರುಗಿಸೋದು.
- ತಾಚಿ: ಅಂಗೈ ಮೇಲೆ ಕೆನ್ನೆ ಇಡೋದು.
- ಫ್ಯಾನ್: ಬೆರಳು ಮೇಲೆತ್ತಿ ಸುತ್ತಿಸೋದು.
- ಹಕ್ಕಿ, ಕಾಗೆ: ಹೆಬ್ಬೆರಳು ತೋರುಬೆರಳು ಕೂಡಿಸಿ ಬಾಯಿ ಹತ್ತಿರ ಕೊಕ್ಕಿನ ಹಾಗೆ ಮುಚ್ಚಿ ತೆರೆಯೋದು.

ಒಂದು ಎಚ್ಚರಿಕೆ. ನಿಮ್ಮ ಮನೆಯಲ್ಲಿ ತಾರಮ್ಮಯ್ಯ ಆಡಿಸುವ ರೂಢಿ ಇದ್ದರೆ "ಸಾಕು" ಸನ್ನೆ ಅದರ ಜೊತೆ ಕಲಸಿಹೋಗುತ್ತದೆ, ಯಾಕಂದರೆ ಎರಡರಲ್ಲೂ ಕೈ ತಿರುಗುತ್ತದೆ. ಮಗು "ಸಾಕು" ಅಂತ ಕೈ ತಿರುಗಿಸಿದಾಗ ಅಜ್ಜಿ ಹಾಡೋಕೆ ಶುರು ಮಾಡಿದರೆ ಪಾಪ ಅದಕ್ಕೆ ಏನು ಅರ್ಥ ಆಗಬೇಕು? ಅಂಥ ಮನೆಗಳಲ್ಲಿ ಸಾಕು ಅನ್ನೋಕೆ ಒಂದು ಅಂಗೈಯನ್ನು ತಟ್ಟೆಯ ಮೇಲೆ ಅಡ್ಡ ಸವರೋದು ಇಟ್ಟುಕೊಳ್ಳಿ. ಸನ್ನೆ ಯಾವುದಾದರೂ ಆಗಬಹುದು, ಮನೆಯಲ್ಲಿ ಒಂದಕ್ಕೆ ಒಂದೇ ಇರಬೇಕು.

4. ದಿನದ ಕೆಲಸದ ಒಳಗೇ ಮಾಡಿ

ಪಾಠದ ಹೊತ್ತು ಅಂತ ಇಡಬೇಡಿ. ರಾಗಿ ಸರಿ ತಿನ್ನಿಸೋ ಹೊತ್ತಿನಲ್ಲಿ ಹೀಗೆ ಮಾಡಿ. ಬಟ್ಟಲು ಹಿಡಿದು ಎದುರಿಗೆ ಕೂತು, ಕೊಡೋ ಮುಂಚೆ ಒಮ್ಮೆ "ಮಮ್ಮು?" ಅಂತ ಹೇಳುತ್ತಾ ಸನ್ನೆ ಮಾಡಿ. ನಾಲ್ಕು ಚಮಚ ಆದ ಮೇಲೆ ನಿಲ್ಲಿಸಿ. "ಇನ್ನೂ ಬೇಕಾ?" ಅಂತ ಸನ್ನೆ. ಕೊನೆಗೆ ಬಾಯಿ ಒರೆಸುವಾಗ "ಸಾಕು, ಆಯ್ತು" ಅಂತ ಸನ್ನೆ. ಅಷ್ಟೇ. ದಿನಕ್ಕೆ ಮೂರು ಊಟ ಅಂದರೆ ಮೂರು ಸಲ ತಾನಾಗೇ ಆಯಿತು.

ಬಾಯಲ್ಲಿ ಹೇಳೋದನ್ನು ಮಾತ್ರ ಯಾವತ್ತೂ ಬಿಡಬೇಡಿ. ಸನ್ನೆ ಮಾಡುವಾಗಲೆಲ್ಲ ಮಾತೂ ಜೊತೆಗಿರಬೇಕು. ಸನ್ನೆಯಿಂದ ಮಾತು ನಿಲ್ಲುವುದಿಲ್ಲ, ಆದರೆ ನೀವೇ ಮಾತಾಡೋದು ನಿಲ್ಲಿಸಿ ಬರೀ ಕೈ ಆಡಿಸಿದರೆ ಮಗು ಮಾತು ಕೇಳೋದಾದರೂ ಎಲ್ಲಿಂದ?

ಕೈ ಎಲ್ಲಿ ಮಾಡಬೇಕು ಅಂತಲೂ ಕೇಳುತ್ತಾರೆ. ಕಿವುಡ ತಾಯಂದಿರು ತಮ್ಮ ಕೂಸಿನ ಜೊತೆ ಸನ್ನೆಯಲ್ಲಿ ಮಾತಾಡುವಾಗ ದೊಡ್ಡವರ ಜೊತೆ ಮಾಡುವುದಕ್ಕಿಂತ ನಿಧಾನವಾಗಿ, ಅಗಲವಾಗಿ, ಮತ್ತೆ ಮತ್ತೆ ಮಾಡುತ್ತಾರೆ. ನಾವು "ಪುಟ್ಟಾಆಆ" ಅಂತ ರಾಗ ಎಳೆಯುತ್ತೇವಲ್ಲ, ಕೈಯಲ್ಲಿ ಅದೇ ರಾಗ. ಮಗು ಎಲ್ಲಿ ನೋಡುತ್ತಿದೆಯೋ ಅಲ್ಲಿಗೇ ಕೈ ತರುತ್ತಾರೆ. ನೀವೂ ಹಾಗೇ ಮಾಡಿ. ಮಗು ಬಟ್ಟಲು ನೋಡುತ್ತಿದ್ದರೆ ಬಟ್ಟಲಿನ ಪಕ್ಕ ಮಾಡಿ, ಮುಖ ನೋಡುತ್ತಿದ್ದರೆ ಮುಖದ ಹತ್ತಿರ ಮಾಡಿ. ಗಲ್ಲ ಹಿಡಿದು "ಇಲ್ಲಿ ನೋಡು" ಅಂತ ತಿರುಗಿಸಬೇಡಿ.

5. ಕಾಯಿರಿ

ಇದು ಎಲ್ಲಕ್ಕಿಂತ ಕಷ್ಟದ್ದು. ಸನ್ನೆ ಮಾಡಿ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಎರಡಕ್ಕೇ ಚಮಚ ಬಾಯಿಗಿಟ್ಟುಬಿಡುತ್ತೇವೆ. ಹತ್ತು ಎಣಿಸುವಷ್ಟರಲ್ಲಿ ಮಗು ಬಟ್ಟಲು ನೋಡುತ್ತದೆ, ನಿಮ್ಮನ್ನು ನೋಡುತ್ತದೆ, ಕಾಲು ಒದರುತ್ತದೆ, ಕೈ ಒಂದು ಚೂರು ಮೇಲೆದ್ದು ಮತ್ತೆ ಕೆಳಗಿಳಿಯುತ್ತದೆ. ಆ ಒಂದು ಚೂರು ನೋಡೋದಕ್ಕೇ ಕಾಯಬೇಕಾದದ್ದು.

ಕಾಯುವುದು ಅಂದರೆ ಸತಾಯಿಸುವುದಲ್ಲ. ಹತ್ತು ಆಯಿತಾ, ಕೊಟ್ಟುಬಿಡಿ. "ಸನ್ನೆ ಮಾಡಿದ್ರೇನೇ ಹಾಲು" ಅಂತ ಯಾವತ್ತೂ ಮಾಡಬೇಡಿ. ಹಸಿದ ಮಗುವಿಗೆ ಪರೀಕ್ಷೆ ಇಡಬಾರದು. ನೆಂಟರು ಬಂದಾಗ "ಮಾಡು ಪುಟ್ಟಾ, ಆಂಟಿಗೆ ತೋರ್ಸು ಪುಟ್ಟಾ" ಅನ್ನೋದೂ ಬೇಡ. ಹಾಲು ಬೇಡದ ಹೊತ್ತಿನಲ್ಲಿ ಹಾಲಿನ ಸನ್ನೆ ಮಾಡಿಸಿದರೆ, ಆ ಸನ್ನೆಗೂ ಹಾಲಿಗೂ ಸಂಬಂಧ ಇಲ್ಲ ಅಂತ ನೀವೇ ಕಲಿಸಿದ ಹಾಗಾಯಿತು.

ಮಗುವಿನ ಕೈ ಹಿಡಿದು ಮಾಡಿಸಬಹುದಾ? ಅದಕ್ಕೆ ಖುಷಿ ಇದ್ದರೆ ಒಂದೆರಡು ಸಲ ಮೆಲ್ಲಗೆ. ಕೈ ಎಳೆದುಕೊಂಡರೆ ಅಲ್ಲಿಗೇ ಬಿಡಿ.

6. ಮೊದಲ ಸನ್ನೆ ಗುರುತಿಸಿ

ನಿಮ್ಮ ಸನ್ನೆಯ ಹಾಗೇ ಇರುತ್ತದೆ ಅಂದುಕೊಂಡರೆ ಅದು ಬಂದು ಹೋದದ್ದೂ ಗೊತ್ತಾಗುವುದಿಲ್ಲ. ದೊಡ್ಡವರು "ಇಡ್ಲಿ" ಅಂದದ್ದನ್ನು ಮಗು "ಇಲ್ಲಿ" ಅನ್ನುವ ಹಾಗೆ ಕೈಯೂ ತೊದಲುತ್ತದೆ. ಕಿವುಡ ತಂದೆತಾಯಿಯ ಮಕ್ಕಳು ಬಾಯಲ್ಲಿ "ಬಬಬ" ಅನ್ನುವ ವಯಸ್ಸಿನಲ್ಲೇ ಕೈಯಲ್ಲೂ ಹಾಗೆ ತೊದಲುತ್ತಾರೆ ಅಂತ 1991ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಬೆರಳುಗಳನ್ನು ಬೇರೆ ಬೇರೆ ಆಡಿಸೋಕೆ ಇನ್ನೂ ಬಾರದ ವಯಸ್ಸು ಇದು. ಹಾಗಾಗಿ "ಇನ್ನೂ ಬೇಕು" ಚಪ್ಪಾಳೆಯ ಹಾಗೆ ಕಾಣಬಹುದು, ಅಥವಾ ಒಂದು ಬೆರಳಿನಿಂದ ಇನ್ನೊಂದು ಅಂಗೈ ಚುಚ್ಚಿದ ಹಾಗೆ. ಹಾಲಿನ ಸನ್ನೆ ಒಂದೇ ಸಲ ಮುಷ್ಟಿ ಬಿಗಿಹಿಡಿದು ಮುಗಿಯಬಹುದು.

ಅನುಮಾನ ಬಂದರೆ ಸನ್ನೆ ಅಂತಲೇ ಎಣಿಸಿ. "ಓ, ಹಾಲು ಬೇಕಾ! ಹಾಲು!" ಅಂತ ಹೇಳುತ್ತಾ ನೀವು ಸರಿಯಾದ ಸನ್ನೆ ಮಾಡಿ ತಕ್ಷಣ ಕೊಡಿ. ತಿದ್ದಲು ಹೋಗಬೇಡಿ, ನಿಮ್ಮದನ್ನು ನೋಡಿ ನೋಡಿ ಅದೇ ತಿದ್ದಿಕೊಳ್ಳುತ್ತದೆ. ಏಳೆಂಟು ತಿಂಗಳಿಗೆ ಶುರು ಮಾಡಿದವರಿಗೆ ಈ ಮೊದಲ ಸನ್ನೆ ಬರಲು ಒಂದೆರಡು ತಿಂಗಳೇ ಹಿಡಿಯಬಹುದು. ಹೆಚ್ಚಿನವರು ಬಿಟ್ಟುಬಿಡೋದು ಮೂರನೇ ವಾರದಲ್ಲಿ.

ಆಮೇಲೆ ಬರುವ ತೊಂದರೆ ಇನ್ನೊಂದು. "ಇನ್ನೂ ಬೇಕು" ಒಂದೇ ಗಟ್ಟಿಯಾಗಿ, ಬಾಗಿಲು ತೆಗೆಯೋಕೆ, ಎತ್ತಿಕೊಳ್ಳೋಕೆ, ಫೋನಿಗೆ, ಎಲ್ಲಕ್ಕೂ ಅದೇ ಆಗುತ್ತದೆ. ಬೈಯಬೇಡಿ. ಏನು ಕೇಳುತ್ತಿದೆ ಅಂತ ಕಣ್ಣು ಹೋದ ಕಡೆ ನೋಡಿ ಅದರ ಹೆಸರು ಹೇಳಿ: "ಎತ್ಕೋಬೇಕಾ? ಎತ್ಕೋ." ಕೊಡಬಾರದ್ದಾದರೆ ಹಾಗೇ ಹೇಳಿ: "ಬಿಸ್ಕತ್ತು ಕೇಳ್ತಿದ್ದೀಯ, ಗೊತ್ತಾಯ್ತು. ಈಗ ಇಲ್ಲ." ಅಳಬಹುದು. ಸನ್ನೆ ಕಲಿತ ಮಗು ಅಳೋದೇ ಇಲ್ಲ ಅನ್ನೋದು ಸುಳ್ಳು. ಆದರೆ ತಾನು ಹೇಳಿದ್ದು ಇವರಿಗೆ ತಿಳಿಯಿತು ಅಂತ ಗೊತ್ತಾಗುತ್ತದೆ, ಅದು ಸಣ್ಣ ಮಾತಲ್ಲ.

7. ಮನೆಯವರನ್ನು ಸೇರಿಸಿಕೊಳ್ಳಿ

ಹಗಲು ಮಗು ಅಜ್ಜಿಯ ಹತ್ತಿರ ಇರುತ್ತದೆ ಅಂದರೆ ನಿಜವಾಗಿ ಕಲಿಸುವವರು ಅಜ್ಜಿಯೇ. ಅವರ ಹೆದರಿಕೆ ಒಂದೇ ಇರುತ್ತದೆ: "ಕೈಸನ್ನೆ ಕಲಿಸಿದ್ರೆ ಕೂಸು ಮೂಕ ಆಗ್ತದೆ ಕಣಮ್ಮ." ಇದಕ್ಕೆ ಜಗಳ ಮಾಡಬೇಡಿ. "ಟಾಟಾ ಕಲಿಸಿದ್ದು ನೀವೇ ಅಲ್ವಾ ಅತ್ತೆ, ಅದರಿಂದ ಯಾರ ಮಾತು ನಿಂತಿದೆ?" ಅಂತ ಮೆಲ್ಲಗೆ ಕೇಳಿ. ಒಂದು ಚೀಟಿಯಲ್ಲಿ ಮೂರು ಸನ್ನೆ ಬರೆದು ಫ್ರಿಜ್ಜಿಗೆ ಅಂಟಿಸಿ. ಅವರೇ ಒಂದು ಸನ್ನೆ ಕಟ್ಟಿಕೊಟ್ಟರೆ ಅದನ್ನೂ ಸೇರಿಸಿಕೊಳ್ಳಿ, ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅದನ್ನು ಬಳಸುವವರು ಅವರೇ ಆಗುತ್ತಾರೆ.

ಎರಡು ಭಾಷೆಯ ಮನೆಗಳಿಗೆ ಸನ್ನೆ ತುಂಬ ಒದಗಿಬರುತ್ತದೆ. ಅಮ್ಮ "ನೀರು" ಅನ್ನಲಿ, ಅಪ್ಪನ ಕಡೆಯವರು "ನೀಳ್ಳು" ಅಥವಾ "ಪಾನಿ" ಅನ್ನಲಿ, ಕೈ ಒಂದೇ. ಹೊರದೇಶದಲ್ಲಿರುವವರಿಗೆ ಇನ್ನೊಂದು ಮಾತು. ಅಮೆರಿಕದ ಎಷ್ಟೋ ಡೇಕೇರ್‌ಗಳಲ್ಲಿ ಹಾಲು, ಇನ್ನೂ, ಆಯ್ತು ಈ ಸನ್ನೆಗಳನ್ನು ಅವರೇ ಕಲಿಸುತ್ತಾರೆ. ಅಲ್ಲಿ ಕಲಿತ ಕೈಯನ್ನು ಬದಲಿಸಬೇಡಿ, ಮನೆಯಲ್ಲಿ ಅದೇ ಸನ್ನೆ ಮಾಡಿ, ಬಾಯಲ್ಲಿ ಕನ್ನಡ ಹೇಳಿ.

8. ಹೆಚ್ಚಿಸೋದು, ಬಿಡೋದು

ಮೊದಲ ಎರಡು ಸನ್ನೆ ಗಟ್ಟಿಯಾದ ಮೇಲೆ ಒಂದೊಂದೇ ಸೇರಿಸಿ. ಮಗು ಏನನ್ನು ಜಾಸ್ತಿ ನೋಡುತ್ತದೋ ಅದರಿಂದ ಆರಿಸಿ: ಬೀದಿ ನಾಯಿ, ಹಸು, ಬಸ್ಸು, ಕಿಟಕಿಗೆ ಬರುವ ಕಾಗೆ. "ನೋವು" ಸನ್ನೆ ಹೇಳಿಕೊಡೋದು ಮರೆಯಬೇಡಿ. ಎರಡು ತೋರುಬೆರಳು ಎದುರುಬದುರು ಹಿಡಿದು ತಾಗಿಸೋದು, ನೋವಿರುವ ಜಾಗದ ಹತ್ತಿರ. ಬಿದ್ದು ಅತ್ತಾಗ ನೀವು ಮಾಡುತ್ತಾ ಬಂದರೆ, ಮುಂದೊಂದು ದಿನ ಕಿವಿ ನೋವಿಗೆ ಅದೇ ತೋರಿಸೀತು.

ಮಾತು ಬರಲು ಶುರುವಾದಾಗ ಸನ್ನೆ ತಾನಾಗೇ ಉದುರುತ್ತದೆ. ಮೊದಲು ಎರಡೂ ಒಟ್ಟಿಗೆ ಬರುತ್ತವೆ, ಕೈಯೂ "ಆಉ" ಅನ್ನೋ ಸದ್ದೂ, ಆಮೇಲೆ ಸದ್ದು ಮಾತ್ರ. ನೀವು ನಿಲ್ಲಿಸಬೇಕಾಗಿಲ್ಲ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ವರ್ಷ ತುಂಬಿದರೂ "ಬಬಬ, ದದದ" ಅಂತ ತೊದಲುತ್ತಿಲ್ಲ, ಬೆರಳು ತೋರಿಸುವುದಿಲ್ಲ, ಟಾಟಾದಂಥ ಯಾವ ಸನ್ನೆಯೂ ಇಲ್ಲ ಅಂದರೆ ತೋರಿಸಿ. 16 ತಿಂಗಳಿಗೂ ಒಂದು ಮಾತಿಲ್ಲ, ಎರಡು ವರ್ಷಕ್ಕೂ "ಅಮ್ಮ ಬಾ" ತರಹ ಎರಡು ಮಾತು ಕೂಡುತ್ತಿಲ್ಲ ಅಂದರೂ ತೋರಿಸಿ. ಬಂದಿದ್ದ ಮಾತೋ ಸನ್ನೆಯೋ ನಿಂತುಹೋದರೆ ಯಾವ ವಯಸ್ಸಾದರೂ ಕಾಯಬೇಡಿ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅನ್ನೋ ಸಮಾಧಾನ ಕೇಳಿ ಕೂರಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ ಮತ್ತು ಮಾತಿನ ತಪಾಸಣೆಗೆ ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ.

ಪರೀಕ್ಷೆಯಲ್ಲಿ ಮಗುವಿಗೆ ಕಿವಿ ಕೇಳುವುದಿಲ್ಲ ಅಂತ ತಿಳಿದರೆ ಮೇಲೆ ಹೇಳಿದ ಸನ್ನೆಗಳು ಸಾಲುವುದಿಲ್ಲ, ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ. ಇಲ್ಲಿ ಹೇಳಿದ್ದು ಬಿಡಿ ಬಿಡಿ ಸನ್ನೆಗಳು, ಭಾಷೆ ಅಲ್ಲ. ಭಾರತೀಯ ಸನ್ನೆ ಭಾಷೆ ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ, ಅಮೆರಿಕದ್ದಕ್ಕಿಂತ ಬೇರೆ. ಕಿವುಡು ಮಕ್ಕಳಲ್ಲಿ ಬಹುಪಾಲು ಹುಟ್ಟೋದು ಕಿವಿ ಕೇಳುವ ತಂದೆತಾಯಿಗೇ, ಅಂದರೆ ಮಗುವಿನ ಜೊತೆ ಮನೆಯವರೂ ಆ ಭಾಷೆಯನ್ನು ಮೊದಲಿಂದ ಕಲಿಯಬೇಕಾಗುತ್ತದೆ. ಶ್ರವಣ ಯಂತ್ರವೋ ಕಾಕ್ಲಿಯರ್ ಇಂಪ್ಲಾಂಟೋ, ಅಂದರೆ ಒಳಗಿವಿಯಲ್ಲಿ ಕೂರಿಸುವ ಸಾಧನವೋ, ಡಾಕ್ಟರ ಜೊತೆ ಮಾತಾಡಿ, ಆದರೆ ಆ ಓಡಾಟ ನಡೆಯುವಾಗ ಮಗು ಭಾಷೆಯೇ ಇಲ್ಲದೆ ತಿಂಗಳು ಕಳೆಯಬಾರದು.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಒಂದು ವಿಡಿಯೋ ನಿಘಂಟು ಮಾಡಿದೆ. 2021ರ ಆವೃತ್ತಿಯಲ್ಲಿ 10,000 ಪದಗಳಿವೆ, ನೋಡಲು ದುಡ್ಡು ಕೊಡಬೇಕಿಲ್ಲ. ಕಿವಿ ಕೇಳುವ ಮಕ್ಕಳ ಮನೆಯವರೂ ತಮ್ಮ ಮೂರು ಸನ್ನೆಯನ್ನು ಅಲ್ಲಿಂದಲೇ ಆರಿಸಬಹುದು. ಹಾಗೆ ಮಾಡಿದರೆ ನಿಮ್ಮ ಮಗು ನೀರು ಅಂತ ತೋರಿಸಿದ್ದು ನಮ್ಮ ದೇಶದ ಕಿವುಡರಿಗೂ ತಿಳಿಯುತ್ತದೆ.